ತಜ್ಞರ ಮನೆಗೆ ಲಿಫ್ಟು ಬಂದದ್ದು

ಯಂತ್ರದ ಕಾಯಿಲೆಯನ್ನು ಪತ್ತೆಹಚ್ಚುವ ಸಲಕರಣೆ ಆ ಯಂತ್ರದ ಒಳಗೇ ಇರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆ ಈ ಲೋಕದಲ್ಲಿ ಎಷ್ಟು ಜನರ ನಿದ್ದೆ ಕೆಡಿಸಿದೆಯೋ ನನಗೆ ತಿಳಿಯದು. ನನಗೆ ಗೊತ್ತಿರುವ ಮಟ್ಟಿಗೆ ಇಬ್ಬರದನ್ನು ಕೆಡಿಸಿತ್ತು. ಒಬ್ಬರು ನಮ್ಮ ತಜ್ಞರು, ಇನ್ನೊಬ್ಬರು ಆಕ್ಷೇಪಣೆ ಮೇಡಂ. ಇಬ್ಬರೂ ಒಂದೇ ಕಚೇರಿಯಲ್ಲಿ, ಎದೆಯೆತ್ತರದ ಒಂದು ಹಲಗೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ವರ್ಷಗಟ್ಟಲೆ ಇದೊಂದೇ ವಿಷಯಕ್ಕೆ ಜಗಳವಾಡಿದ್ದರು. ಆದರೂ ಒಬ್ಬರ ದನಿ ಹೇಗಿದೆ ಎಂದು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ.

ಅದು ಆ ಕಚೇರಿಯ ಪದ್ಧತಿ. ಅಲ್ಲಿ ಲಿಫ್ಟುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ತಯಾರಿಸುತ್ತಾರೆ. ಬೋರ್ಡಿನ ಮೇಲೆ ಬಾಗಿಲಿಗೊಂದು ಚಿಪ್ಪು, ಮೋಟರಿಗೊಂದು, ಗಂಟೆಗೊಂದು, ದೀಪಕ್ಕೊಂದು. ಇವನ್ನೆಲ್ಲ ಹದ್ದುಬಸ್ತಿನಲ್ಲಿಡುವುದು ಆಪರೇಟಿಂಗ್ ಸಿಸ್ಟಂ. ಅದರ ತೀರ ಒಳಗಿನ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಅದರೊಳಗೆ ಸೇರಿಕೊಂಡ ಪ್ರೋಗ್ರಾಮಿಗೆ ಯಾವ ಚಿಪ್ಪನ್ನು ಬೇಕಾದರೂ ಕೇಳದೆ ಮುಟ್ಟುವ ಅಧಿಕಾರ ಬರುತ್ತದೆ. ಆದ್ದರಿಂದ ಒಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡಿಕೊಳ್ಳಲು ಒಬ್ಬರು ಬೇಕು. ಅವರೇ ಆಕ್ಷೇಪಣೆ ಮೇಡಂ. ಒಳಗೆ ಬರಲು ಇಷ್ಟಪಡುವವರು ಕಂಪ್ಯೂಟರಿನಲ್ಲಿ ಬರೆದು ಕೇಳಬೇಕು, ಮೇಡಂ ಬರೆದು ಬೇಡವೆನ್ನಬೇಕು, ಅದಕ್ಕೆ ಉತ್ತರವೂ ಬರವಣಿಗೆಯಲ್ಲೇ ಆಗಬೇಕು. ಬಾಯಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ. ತಜ್ಞರು ಸೀನಿದರೆ ಹಲಗೆಯ ಆಚೆ ಕಡೆಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಸೀನನ್ನು ಅವರು ಬರೆದು ತಿಳಿಸಿರಲಿಲ್ಲವಲ್ಲ.

ತಜ್ಞರು ಒಂದು ಪ್ರೋಗ್ರಾಂ ಬರೆದಿದ್ದರು. ಅದಕ್ಕೆ ತಪಾಸಣೆಗಾರ ಎಂದು ಹೆಸರಿಟ್ಟಿದ್ದರು. ಅದು ಬೋರ್ಡಿನ ಒಂದೊಂದು ಚಿಪ್ಪಿನ ಬಳಿಗೂ ಹೋಗಿ, ಇದ್ದೀಯಾ, ಚೆನ್ನಾಗಿದ್ದೀಯಾ ಎಂದು ಕೇಳಿಕೊಂಡು ಬರುತ್ತದೆ. ಇಂಥದ್ದು ಕರ್ನಲ್ಲಿನ ಒಳಗೇ ಇರಬೇಕು ಎಂಬುದು ತಜ್ಞರ ವಾದ. ಕಾಯಿಲೆ ಬಿದ್ದವನು ಎದ್ದು ಬಂದು ಬಾಗಿಲು ತೆಗೆಯುವುದಿಲ್ಲ, ಹಾಗಾಗಿ ನೋಡುವವನು ಮನೆಯೊಳಗೇ ಇರಬೇಕು ಎಂದು ಅವರು ಬರೆಯುತ್ತಿದ್ದರು. ಮೇಡಂ ಪ್ರಕಾರ ಕರ್ನಲ್ ಎನ್ನುವುದು ಕೆಲಸ ಮಾಡುವ ಜಾಗ. ಎಲ್ಲರ ಯೋಗಕ್ಷೇಮ ವಿಚಾರಿಸುತ್ತ ಅಡ್ಡಾಡುವವರು ಅಲ್ಲಿ ಕಾಲಿಗೆ ತೊಡರುತ್ತಾರೆ. ಎಲ್ಲವನ್ನೂ ಮುಟ್ಟುವ ಅಧಿಕಾರ ಇದ್ದವನು ಒಮ್ಮೆ ಎಡವಿದರೆ ಇಡೀ ಯಂತ್ರ ಕೂತುಬಿಡುತ್ತದೆ. ಹಾರ್ಡ್‌ವೇರ್ ತಪಾಸಣೆಯ ಸಲಕರಣೆ ಹೊರಗಿರಲಿ, ಕರೆದಾಗ ಬರಲಿ, ನೋಡಲಿ, ಹೋಗಲಿ.

ನಿಜ ಹೇಳಬೇಕೆಂದರೆ ಈ ನಿರಾಕರಣೆಗಳಿಂದ ತಜ್ಞರಿಗೆ ಅಂಥ ಬೇಜಾರೇನೂ ಆಗುತ್ತಿರಲಿಲ್ಲ. ಮದುವೆ ಅವರಿಗೆ ಯಾಕೋ ಕೂಡಿಬಂದಿರಲಿಲ್ಲ. ತಲೆಯ ಮುಂಭಾಗ ಬೋಳಾಗಿ, ಹಿಂಭಾಗ ನರೆತು ಬಹಳ ಕಾಲವಾಗಿತ್ತು. ಅಕ್ಕ ಭಾನುವಾರ ಫೋನು ಮಾಡಿ ತನ್ನ ಮಂಡಿನೋವಿನ ಸಮಾಚಾರ ಹೇಳಿ ಇಡುತ್ತಿದ್ದಳು. ಮೇಡಮ್ಮಿನ ಆಕ್ಷೇಪಣೆಗಳು ಮಾತ್ರ ಉದ್ದವಾಗಿ, ತಾಳ್ಮೆಯಿಂದ, ಬೇರೆ ಯಾರಿಗೂ ಅಲ್ಲದೆ ತಜ್ಞರೊಬ್ಬರಿಗೇ ಬರೆದವಾಗಿರುತ್ತಿದ್ದವು. ಅವನ್ನು ಅವರು ಬೆಳಗ್ಗೆಯೇ ಓದಿ ಮುಗಿಸದೆ ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಮನುಷ್ಯ ಅಂದಮೇಲೆ ಒಂದಿಷ್ಟು ಜಂಬ ಇರುತ್ತದೆ. ತಜ್ಞರು ವಾಸವಿದ್ದ ಕಟ್ಟಡದ ಲಿಫ್ಟು ಆಗಾಗ ಮುಷ್ಕರ ಹೂಡುತ್ತಿದ್ದರಿಂದ, ತಮ್ಮ ಕಂಪನಿಯ ಹೊಸ ಬೋರ್ಡೊಂದನ್ನು ಪರೀಕ್ಷೆಗೆಂದು ಅದಕ್ಕೆ ಹಾಕಿಸಿದ್ದರು. ನಿವಾಸಿಗಳ ಸಭೆಯಲ್ಲಿ ಕಾರ್ಯದರ್ಶಿಗಳು, ಈ ಲಿಫ್ಟಿನ ಗತಿ ಏನು ಎಂದು ಕೇಳಿದರು. ಎಂದೂ ಬಾಯಿ ಬಿಡದ ನಮ್ಮವರು ಎದ್ದು ನಿಂತು, ಇನ್ನು ಮುಂದೆ ಲಿಫ್ಟಿಗೆ ಕಾಯಿಲೆ ಬರುವ ಮೊದಲೇ ತಮಗೆ ತಿಳಿಯುವುದೆಂದೂ, ತಮ್ಮ ತಪಾಸಣೆಗಾರ ಕರ್ನಲ್ಲಿನೊಳಗೇ ಕೂತು ಕಾಯುವನೆಂದೂ ಹೇಳಿಬಿಟ್ಟರು. ಯಾರಿಗೂ ಅರ್ಥವಾಗಲಿಲ್ಲ. ಸಭೆ ಮುಗಿಯಿತಲ್ಲ ಎಂಬ ಸಂತೋಷಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದಿನಿಂದ ಕಟ್ಟಡದಲ್ಲಿ ಅವರ ಹೆಸರು ತಜ್ಞರು ಎಂದಾಯಿತು. ಆ ಹೆಸರನ್ನು ಉಳಿಸಿಕೊಳ್ಳಬೇಕಾಗಿ ಬಂದದ್ದರಿಂದ, ಮೇಡಮ್ಮಿಗೆ ತಿಳಿಸದೆ ತಪಾಸಣೆಗಾರನನ್ನು ಆ ಒಂದು ಲಿಫ್ಟಿನ ಕರ್ನಲ್ಲಿಗೆ ಸೇರಿಸಿಬಿಟ್ಟರು. ಮನೆಯ ಹೊಸಿಲಲ್ಲೇ ಕೂತು ಕೆಲಸ ಮಾಡಲು ಅನುಕೂಲವೆಂದು, ಕೆಲಸವಿಲ್ಲದಾಗ ಲಿಫ್ಟು ಬಂದು ನಿಲ್ಲುವ ಜಾಗವನ್ನು ನೆಲಮಹಡಿಯ ಬದಲು ತಮ್ಮ ನಾಲ್ಕನೇ ಮಹಡಿಗೆ ಬದಲಾಯಿಸಿದರು.

ಮುಂದಿನ ರಜಾದಿನ ತಜ್ಞರು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಾಗ ಹೊರಗೆ ಟಿಂಗ್ ಎಂದಿತು. ಲಿಫ್ಟಿನ ಬಾಗಿಲು ತೆರೆದ ಸದ್ದು. ನಾಲ್ಕನೇ ಮಹಡಿ ಕೊನೆಯ ಮಹಡಿ. ಅಲ್ಲಿ ಎರಡೇ ಮನೆ, ಅದರಲ್ಲೊಂದಕ್ಕೆ ಯಾವ ಕಾಲದಿಂದಲೋ ಬೀಗ. ಅಂದರೆ ಬಂದವರು ತಮ್ಮಲ್ಲಿಗೇ ಬಂದಿರಬೇಕು. ತಜ್ಞರು ಧಡಕ್ಕನೆ ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, ಉಳಿದ ಕೂದಲನ್ನು ಕೈಯಿಂದ ಒತ್ತಿ ಬಾಗಿಲು ತೆಗೆದರು. ದೀಪ ಉರಿಯುತ್ತಿದ್ದ ಖಾಲಿ ಲಿಫ್ಟು ಅವರ ಮುಖ ನೋಡುತ್ತ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಮುಚ್ಚಿಕೊಂಡಿತು. ಅವರು ಒಳಗೆ ಬಂದು ಕೂತರು. ಮತ್ತೆ ಟಿಂಗ್ ಎಂದಿತು. ಮತ್ತೆ ಎದ್ದರು.

ಕಾರಣ ಸಂಜೆಯೊಳಗೆ ಗೊತ್ತಾಯಿತು. ತಪಾಸಣೆಗಾರ ಚಿಪ್ಪುಗಳನ್ನೆಲ್ಲ ಸರದಿಯಂತೆ ಮಾತನಾಡಿಸುತ್ತಿದ್ದ. ಬೇರೆ ಚಿಪ್ಪುಗಳು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದವು. ಬಾಗಿಲಿನ ಚಿಪ್ಪು ಮಾತ್ರ ಹಳೆಯ ಕಾಲದ್ದು. ಅದಕ್ಕೆ ಅಪ್ಪಣೆ ಒಂದೇ ಗೊತ್ತು, ಪ್ರಶ್ನೆ ಗೊತ್ತಿಲ್ಲ. ಯಾರು ಯಾಕೆ ಮಾತನಾಡಿಸಿದರೂ ಅದು ಬಾಗಿಲು ತೆಗೆದುಬಿಡುತ್ತಿತ್ತು. ಮೇಡಂ ಎಷ್ಟೋ ಸಲ ಬರೆದಿದ್ದ ಅಪಾಯ ಇದೇ. ತಜ್ಞರು ಆಗಲೇ ತಪಾಸಣೆಗಾರನನ್ನು ಕಿತ್ತು ಹಾಕಬೇಕಿತ್ತು. ಹಾಗೆಂದು ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಕೂತೂ ಇದ್ದರು. ಅಷ್ಟರಲ್ಲಿ ಟಿಂಗ್ ಎಂದಿತು. ನಾಳೆ ನೋಡೋಣ ಎಂದುಕೊಂಡು ಎದ್ದು ಬಾಗಿಲಿಗೆ ಹೋದರು.

ಕೆಳಗಿನ ಮಹಡಿಗಳಲ್ಲಿ ಇದು ಬೇರೆಯದೇ ಅರ್ಥ ಪಡೆಯತೊಡಗಿತು. ಯಾರು ಲಿಫ್ಟಿಗೆ ಕಾದರೂ ಅದು ನಾಲ್ಕರಲ್ಲಿರುತ್ತಿತ್ತು. ಕಿವಿಗೊಟ್ಟರೆ ಮೇಲೆ ಬಾಗಿಲು ತೆರೆಯುವ ಸದ್ದು, ಮುಚ್ಚುವ ಸದ್ದು, ನಡುವೆ ತಜ್ಞರ ಮನೆಯ ಬಾಗಿಲ ಚಿಲಕದ ಸದ್ದು. ಎರಡನೇ ಮಹಡಿಯ ಅಜ್ಜಿ ಒಂದು ದಿನ ತಜ್ಞರನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ, ನಿಮ್ಮ ಮನೆಗೆ ಬಹಳ ಜನ ಬರ್ತಾರಲ್ಲ ಎಂದು ಕೇಳಿದರು. ಆ ಕಟ್ಟಡದಲ್ಲಿ ತಜ್ಞರನ್ನು ಯಾರಾದರೂ ಅಕ್ಕರೆಯಿಂದ ಏನಾದರೂ ಕೇಳಿದ್ದು ಅದೇ ಮೊದಲು. ಬಾಗಿಲಿನ ಚಿಪ್ಪಿನ ಪುರಾಣ ಅವರ ತುಟಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಹೂಂ, ಬರ್ತಾ ಇರ್ತಾರೆ" ಎಂದರು.

ಆ ಮಾತು ಅವರು ಮನೆ ಸೇರುವ ಮೊದಲೇ ಎಲ್ಲ ಮಹಡಿಗಳಲ್ಲೂ ಓಡಾಡಿ ಬಂದಿತ್ತು.

ಕಾರ್ಯದರ್ಶಿಗಳಿಗೆ ಇದು ಭದ್ರತೆಯ ಪ್ರಶ್ನೆಯಾಗಿ ಕಾಣಿಸಿತು. ಅವರು ಗೇಟಿನ ಕಾವಲುಗಾರನನ್ನು ಕರೆದು, ದಿನವಿಡೀ ಇಷ್ಟೊಂದು ಜನ ಒಳಗೆ ಹೋಗುತ್ತಿದ್ದಾರೆ, ನೀನು ಯಾರನ್ನೂ ತಡೆದು ವಿಚಾರಿಸಿದ್ದು ನಾನು ಕಂಡಿಲ್ಲ, ನಿದ್ದೆ ಮಾಡುತ್ತಿದ್ದೀಯೇನು ಎಂದು ತರಾಟೆಗೆ ತೆಗೆದುಕೊಂಡರು. ಕಾವಲುಗಾರ ಯಾರನ್ನೂ ನೋಡಿರಲಿಲ್ಲ. ಆದರೆ ಹಾಗೆಂದು ಹೇಳಿದರೆ ನಿದ್ದೆ ಮಾಡಿದ್ದನ್ನು ಒಪ್ಪಿಕೊಂಡಂತೆ. ಅವನು ಎದೆಯುಬ್ಬಿಸಿ, ಎಲ್ಲರನ್ನೂ ವಿಚಾರಿಸಿಯೇ ಬಿಟ್ಟಿದ್ದೇನೆ ಎಂದ. ಎಂಥವರು ಎಂದು ಕೇಳಿದಾಗ, ಎಲ್ಲರೂ ದೊಡ್ಡ ಮನುಷ್ಯರು, ಪಾಲಿಶ್ ಹಾಕಿದ ಬೂಟು, ಒಬ್ಬರಂತೂ ಬೆಳ್ಳಿ ಹಿಡಿಯ ಕೋಲು ಊರಿಕೊಂಡು ಬರುತ್ತಾರೆ, ಮಾತು ಬಹಳ ಮೆತ್ತಗೆ ಎಂದ. ಒಮ್ಮೆ ಶುರು ಮಾಡಿದ ಮೇಲೆ ಅವನಿಗೂ ರುಚಿ ಹತ್ತಿತು. ದಿನಕ್ಕೊಬ್ಬ ಹೊಸ ಅತಿಥಿ ಹುಟ್ಟಿಕೊಂಡ.

ಕೋಲಿನವರ ವಿಷಯ ತಜ್ಞರ ಕಿವಿಗೂ ಬಿತ್ತು. ಯಾರವರು, ಯಾವಾಗ ಬಂದಿದ್ದರು ಎಂದು ತಿಳಿದುಕೊಳ್ಳಲು ಅವರಿಗೇ ಕುತೂಹಲವಾಯಿತು. ಕೇಳುವುದು ಹೇಗೆ? ಅವರು ಪೇಟೆಗೆ ಹೋಗಿ ಎರಡು ಕುರ್ಚಿ ಮತ್ತು ಒಂದು ಜೊತೆ ಚಹಾ ಬಟ್ಟಲು ತಂದರು. ಕುರ್ಚಿಗಳು ಮೇಲೆ ಹೋಗುವುದನ್ನು ಇಡೀ ಕಟ್ಟಡ ನೋಡಿತು. ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಜನ ಬರುವ ಮನೆಗೇ ಜನ ಬರುತ್ತಾರೆ. ಮೂರನೇ ಮಹಡಿಯ ಪಾಠ ಹೇಳುವ ಟೀಚರ್ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬಂದು, ಸೋಫಾದ ಮೇಲೆ ಕೂತು, ಬಾಗಿಲ ಕಡೆ ನೋಡುತ್ತ ಒಂದಿಡೀ ಸಂಜೆ ಕಳೆದರು. ಕಾರ್ಯದರ್ಶಿಗಳು ಬೀದಿದೀಪದ ಅರ್ಜಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದರು, ದೊಡ್ಡ ಮನುಷ್ಯರು ಯಾರಾದರೂ ಸಿಕ್ಕರೆ ಕೈಗೆ ಕೊಡೋಣವೆಂದು. ಅವರು ಕೂತಿರುವಾಗಲೂ ಟಿಂಗ್ ಎನ್ನುತ್ತಿತ್ತು. ತಜ್ಞರು ಹೊರಗೆ ಹೋಗಿ, ಸ್ವಲ್ಪ ನಿಂತು, ಒಳಗೆ ಬಂದು, ಯಾರೂ ಇಲ್ಲ ಎನ್ನುತ್ತಿದ್ದರು. ಅದು ಅಪ್ಪಟ ಸತ್ಯವಾಗಿತ್ತು. ಹೊರಗಿನವರು ಇದ್ದಾರೆಂದು ಬಂದವರನ್ನು ಹಾಗೇ ಕಳುಹಿಸಿಬಿಟ್ಟರು, ಎಂಥ ಸಂಕೋಚದ ಮನುಷ್ಯ ಎಂದು ಕಾರ್ಯದರ್ಶಿಗಳು ಹೆಂಡತಿಯ ಹತ್ತಿರ ಹೇಳಿಕೊಂಡು ಮರುಗಿದರು.

ಒಂದು ಭಾನುವಾರ ಅಕ್ಕನ ಫೋನು ಬರಲಿಲ್ಲ, ಅಕ್ಕನೇ ಬಂದಳು. ಜೊತೆಗೆ ಭಾವ. ಭಾವ ಯಾವ ಮನೆಗೆ ಹೋದರೂ ಮೊದಲು ಸಿಕ್ಕ ಮೆತ್ತನೆಯ ಜಾಗದಲ್ಲಿ ಕೂತು ನಿದ್ದೆ ಹೋಗುವವರು. ಅವರು ಸೋಫಾವನ್ನು ಹಿಡಿದರು. ಅಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ಹೊಸ ಕುರ್ಚಿಗಳನ್ನು ಸುತ್ತು ಹಾಕಿದಳು. ಊರಿನವರೆಲ್ಲ ಬಂದು ಹೋಗುವ ಮನೆಗೆ ಒಡಹುಟ್ಟಿದವಳಿಗೆ ಕರೆಯಿಲ್ಲ, ಪರರ ಬಾಯಿಂದ ತಿಳಿಯಬೇಕಾಯಿತು, ಈ ವಯಸ್ಸಿನಲ್ಲಿ ಗುಟ್ಟಾಗಿ ಮದುವೆ ಗಿದುವೆ ನಡೆಸುತ್ತಿದ್ದೀಯೇನು ಎಂದು ಅವಳು ಕೇಳುತ್ತಿರುವಾಗಲೇ ಟಿಂಗ್ ಎಂದಿತು. ತಜ್ಞರು ಏಳುವ ಮೊದಲೇ ಮಂಡಿನೋವನ್ನೂ ಮರೆತು ಅವಳು ಬಾಗಿಲಿಗೆ ಓಡಿದಳು. ಲಿಫ್ಟು ಖಾಲಿ. ಅವಳು ಮೆಟ್ಟಿಲ ಕಡೆ ಬಗ್ಗಿ ನೋಡಿದಳು, ಬೀಗ ಹಾಕಿದ ಮನೆಯ ಬಾಗಿಲನ್ನೂ ತಟ್ಟಿ ನೋಡಿದಳು. ಒಳಗೆ ಬಂದಾಗ ಮುಖ ಊದಿಕೊಂಡಿತ್ತು.

"ನನ್ನ ಮುಖ ನೋಡಿ ವಾಪಸ್ ಹೋದರು" ಎಂದಳು. "ನಿನ್ನ ಅಕ್ಕ ಅಂದರೆ ನಿನ್ನ ಕಡೆಯವರಿಗೆ ಅಷ್ಟು ಹಗುರ."

ತಜ್ಞರು ಅವಳಿಗಾದರೂ ನಿಜ ಹೇಳಬೇಕೆಂದುಕೊಂಡರು. ಆದರೆ ಹೇಳಿದರೆ ಅವಳು ಭಾವನನ್ನು ಎಬ್ಬಿಸಿಕೊಂಡು ಹೊರಟುಬಿಡುತ್ತಾಳೆ, ಮತ್ತೆ ಭಾನುವಾರದ ಮಂಡಿನೋವೇ ಗತಿ. ಅವರು ಹೊಸ ಬಟ್ಟಲುಗಳಲ್ಲಿ ಚಹಾ ಮಾಡಿ ತಂದರು. ಆ ಬಟ್ಟಲುಗಳಲ್ಲಿ ಚಹಾ ಕುಡಿದವರು ಆವರೆಗೆ ಯಾರೂ ಇರಲಿಲ್ಲ. ಅಕ್ಕ, ಅವರು ಬರುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ ಎಂದು ಘೋಷಿಸಿದಳು. ತಜ್ಞರ ಎದೆಯಲ್ಲಿ ಒಂದು ಬಗೆಯ ಸಂತೋಷ ಮೂಡಿತು. ಹಾಗಾದರೆ ಅಕ್ಕ ಇನ್ನು ಹೋಗುವ ಮಾತೇ ಇಲ್ಲ.

ಅಷ್ಟರಲ್ಲಿ ಎರಡನೇ ಮಹಡಿಯ ಅಜ್ಜಿಯ ಪ್ರಸಂಗ ನಡೆಯಿತು. ಅಜ್ಜಿ ಡಾಕ್ಟರ ಹತ್ತಿರ ಹೋಗಲು ಲಿಫ್ಟು ಹತ್ತಿ ಕೆಳಗಿನ ಗುಂಡಿ ಒತ್ತಿದ್ದಾರೆ. ಲಿಫ್ಟು ತನ್ನ ಹೊಸ ಅಭ್ಯಾಸದಂತೆ ಅವರನ್ನು ಮೇಲಕ್ಕೆ ಕರೆದೊಯ್ದಿದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಇದ್ದಾಗ ತಪಾಸಣೆಗಾರನ ಸರದಿ ಬಂದು, ಅವನು ಬಾಗಿಲಿನ ಚಿಪ್ಪಿನ ಯೋಗಕ್ಷೇಮ ವಿಚಾರಿಸಿದ್ದಾನೆ. ಬಾಗಿಲು ಅಲ್ಲೇ ತೆರೆದುಕೊಂಡಿತು. ಅಜ್ಜಿಯ ಮೂಗಿನ ಮುಂದೆ ಬರೀ ಸಿಮೆಂಟಿನ ಗೋಡೆ. ಅಜ್ಜಿಗೆ ಅದು ನಾಲ್ಕನೇ ಮಹಡಿಯೇ ಅನ್ನಿಸಿತು. ಜನರ ಕಾಟ ತಡೆಯಲಾರದೆ ತಜ್ಞರು ಬಾಗಿಲಿಗೆ ಗೋಡೆ ಕಟ್ಟಿಸಿಬಿಟ್ಟಿದ್ದಾರೆ ಎಂದು ತಿಳಿದು, ಆ ಗೋಡೆಯನ್ನು ಕೈಕೋಲಿನಿಂದ ಕುಟ್ಟುತ್ತ, ಹೀಗೆಲ್ಲ ಮಾಡಬಾರದಪ್ಪ, ಬಂದವರಿಗೆ ಬೇಜಾರಾಗುತ್ತೆ ಎಂದು ಬಹಳ ಹೊತ್ತು ಬುದ್ಧಿ ಹೇಳಿದರು. ಕೊನೆಗೆ ಲಿಫ್ಟು ತಾನಾಗಿ ಹೊರಟಿತು. ಅಜ್ಜಿಗೆ ಏನೂ ಆಗಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಜ್ಞರು ಮಾತ್ರ ನಗಲಿಲ್ಲ.

ಕಾರ್ಯದರ್ಶಿಗಳು ಕಂಪನಿಗೆ ದೂರು ಕೊಟ್ಟರು. ಮಾರನೆಯ ದಿನವೇ ಕೈಯಲ್ಲೊಂದು ಲ್ಯಾಪ್‌ಟಾಪು, ಮಡಿಚುವ ಸ್ಟೂಲು ಹಿಡಿದುಕೊಂಡು ಆಕ್ಷೇಪಣೆ ಮೇಡಂ ಖುದ್ದಾಗಿ ಬಂದರು.

ಗೇಟಿನಲ್ಲಿ ಕಾವಲುಗಾರನಿಗೆ ಪೇಚಿಗಿಟ್ಟುಕೊಂಡಿತು. ಅಕ್ಕ ಭಾವನನ್ನು ಬಿಟ್ಟರೆ ಅವನ ಜೀವಮಾನದಲ್ಲಿ ತಜ್ಞರ ಮನೆಗೆಂದು ನಿಜವಾಗಿ ಬಂದ ಮೊದಲ ಅತಿಥಿ ಇವರು. ಹೇಗೆ ವಿಚಾರಿಸಬೇಕೆಂದು ತಿಳಿಯದೆ ಸೆಲ್ಯೂಟು ಹೊಡೆದು ಬಿಟ್ಟ. ಮೇಡಂ ಮೇಲೆ ಹೋಗುವುದರೊಳಗೆ ಕಟ್ಟಡದವರೆಲ್ಲ ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಜಮಾಯಿಸಿದ್ದರು. ಅಕ್ಕ ಸೀರೆ ಬದಲಾಯಿಸಿಕೊಂಡು ಬಂದಳು. ಇವರೇ ಇರಬೇಕು ಎಂದು ಅವಳಿಗೆ ಖಾತ್ರಿಯಾಗಿತ್ತು. ಮೇಡಮ್ಮಿನ ತಂದೆತಾಯಿ ಇದ್ದಾರೆಯೇ, ಒಡಹುಟ್ಟಿದವರೆಷ್ಟು, ಅಡುಗೆಗೆ ಉಪ್ಪು ಎಷ್ಟು ಹಾಕುತ್ತೀರಿ ಎಂದೆಲ್ಲ ಕೇಳಿದಳು. ಮೇಡಂ ಎಲ್ಲಕ್ಕೂ ಸರದಿಯಂತೆ ಉತ್ತರ ಕೊಟ್ಟು, ಕೊನೆಯಲ್ಲಿ, "ನಾನು ಇವರ ಪ್ರೋಗ್ರಾಮನ್ನು ಹೊರಗೆ ಹಾಕೋಕೆ ಬಂದಿದ್ದೀನಿ" ಎಂದರು.

ಆ ದನಿ ಕೇಳಿ ತಜ್ಞರು ಬೆರಗಾದರು. ಅಷ್ಟು ವರ್ಷ ಆ ಆಕ್ಷೇಪಣೆಗಳನ್ನು ಓದುವಾಗ ಅವರ ಮನಸ್ಸಿನಲ್ಲಿ ಕೇಳಿಸುತ್ತಿದ್ದ ದನಿ ಕಂಚಿನಂತಿತ್ತು. ಇದು ನೆಗಡಿ ಹಿಡಿದಂಥ ಸಣ್ಣ ದನಿ.

ಮೇಡಂ ಎಲ್ಲರನ್ನೂ ಕೆಳಗಿನ ಮೆಟ್ಟಿಲುಗಳಿಗೆ ಸರಿಸಿ, ತಜ್ಞರಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎಂದು ಹೇಳಿ, ಲಿಫ್ಟಿನೊಳಗೆ ಸ್ಟೂಲು ಹಾಕಿ ಕೂತರು. ಬಾಗಿಲು ಮುಚ್ಚಿತು. ಒಳಗಿಂದಲೇ ಅವರು ಬಾಗಿಲಿನ ಚಿಪ್ಪಿಗೆ ಒಂದು ಪ್ರಶ್ನೆ ಕಳುಹಿಸಿದರು. ಟಿಂಗ್ ಎಂದು ಬಾಗಿಲು ತೆರೆಯಿತು. ಕಾರಣ ಸಿಕ್ಕಿತೆಂದು ಮೇಡಂ ತಲೆಯೆತ್ತಿದರೆ, ಎದುರಿಗೆ ತಮ್ಮ ಮನೆಯ ಹೊಸಿಲಲ್ಲಿ ತಜ್ಞರು ನಿಂತಿದ್ದರು. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿತ್ತು. ತಲೆ ಬಾಚಿತ್ತು. ಬನ್ನಿ ಎನ್ನಲು ಬಾಯಿ ಅರ್ಧ ತೆರೆದಿತ್ತು. ಬಾಗಿಲು ಮುಚ್ಚಿದ ಮೇಲೆ ಇನ್ನೊಮ್ಮೆ ಪ್ರಶ್ನೆ ಕಳುಹಿಸಿದರು. ಬಾಗಿಲು ತೆರೆಯಿತು. ತಜ್ಞರು ನಿಂತಿದ್ದರು.

"ನಾನೇ ತೆಗೀತಾ ಇರೋದು" ಎಂದರು ಮೇಡಂ. "ನೀವು ಎದ್ದು ಬರಬೇಕಾಗಿಲ್ಲ."

"ಗೊತ್ತು" ಎಂದರು ತಜ್ಞರು.

ಮೇಡಂ ಮೂರನೆಯ ಸಲ ಪರೀಕ್ಷಿಸಿದರು. ಗೊತ್ತಿದ್ದೂ ತಜ್ಞರು ಬಂದು ನಿಂತಿದ್ದರು. ಮೇಡಂ ಆಮೇಲೆ ಬಹಳ ಹೊತ್ತು ಲ್ಯಾಪ್‌ಟಾಪಿನ ತೆರೆಯನ್ನೇ ನೋಡುತ್ತ ಕೂತರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಹಲಗೆಯ ಆಚೆ ಕೂತವರ ಬಗ್ಗೆ ಅವರಿಗೆ ಆವರೆಗೆ ತಿಳಿಯದಿದ್ದ ಒಂದು ಸಂಗತಿ ತಿಳಿದುಹೋಗಿತ್ತು, ಮತ್ತು ಅದನ್ನು ಬರೆಯಲು ಕಚೇರಿಯ ನಮೂನೆಯಲ್ಲಿ ಯಾವ ಕಲಮೂ ಇರಲಿಲ್ಲ.

ಆದರೆ ಮೇಡಂ ಮೇಡಮ್ಮೇ. ಸ್ಟೂಲು ಮಡಿಚಿ ಹೊರಗೆ ಬಂದು, ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆ ವಿಷಯ ವಿವರಿಸಿದರು. ತಪಾಸಣೆಯ ಸಲಕರಣೆ ಕರ್ನಲ್ಲಿನ ಒಳಗಿರುವುದರಿಂದ ಈ ತೊಂದರೆ. ಅದನ್ನು ಹೊರಗೆ ಹಾಕಿ, ನಿಲ್ಲುವ ಮಹಡಿಯನ್ನೂ ಸರಿಪಡಿಸಿದರೆ ಲಿಫ್ಟು ಮೊದಲಿನಂತೆ ಕೆಳಗೆ ನಿಲ್ಲುತ್ತದೆ, ಕಾರಣವಿಲ್ಲದೆ ನಾಲ್ಕಕ್ಕೆ ಬರುವುದಿಲ್ಲ. ಅದಕ್ಕೆ ನಿವಾಸಿಗಳ ಒಪ್ಪಿಗೆ ಬೇಕು.

ಕಾರ್ಯದರ್ಶಿಗಳ ಪ್ರಾಣ ಇರುವುದೇ ಮತದಾನದಲ್ಲಿ. ಅವರು ತಕ್ಷಣ ಸಭೆ ಸೇರಿದೆ ಎಂದು ಘೋಷಿಸಿದರು. ಹೀಗೆ, ಹಾರ್ಡ್‌ವೇರ್ ತಪಾಸಣೆಯ ಸಲಕರಣೆ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ಲಿನಲ್ಲಿ ಇರಬೇಕೇ ಬೇಡವೇ ಎಂಬ, ಜಗತ್ತಿನ ದೊಡ್ಡ ದೊಡ್ಡ ತಲೆಗಳು ಬಗೆಹರಿಸದ ಪ್ರಶ್ನೆ ಒಂದು ಕಟ್ಟಡದ ಮೆಟ್ಟಿಲ ಮೇಲೆ ಚರ್ಚೆಗೆ ಬಂತು. ಟೀಚರ್ ಒಳಗಿರಲಿ ಎಂದರು. ನಾಲ್ಕಾರು ಜನ ಗಣ್ಯರು ಬಂದು ಹೋಗುವ ಕಟ್ಟಡವೆಂದರೆ ಅವರ ಪಾಠಕ್ಕೂ ಒಂದು ಗೌರವ. ಕಾರ್ಯದರ್ಶಿಗಳು ಜೇಬಿನಲ್ಲಿದ್ದ ಅರ್ಜಿಯನ್ನು ಮುಟ್ಟಿ ನೋಡಿಕೊಂಡು ಒಳಗಿರಲಿ ಎಂದರು. ಮತದಾನದ ಹಕ್ಕಿಲ್ಲದಿದ್ದರೂ ಕಾವಲುಗಾರ ಒಳಗಿರಲಿ ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದ. ಅಕ್ಕ ಯಾವುದಾದರೂ ಸರಿ, ಈ ಹೆಣ್ಣುಮಗಳು ಇನ್ನೊಮ್ಮೆ ಬರುವಂತಾಗಬೇಕು ಎಂದಳು. ಭಾವ ನಿದ್ದೆಗಣ್ಣಿನಲ್ಲೇ ಕೈಯೆತ್ತಿದರು.

ಅಜ್ಜಿ ಮಾತ್ರ ವಿಷಯಕ್ಕೆ ಸರಿಯಾಗಿ ಮಾತನಾಡಿದರು. "ನನ್ನ ಎದೆಯೊಳಗೆ ಒಂದು ಮಿಷಿನ್ನು ಇಟ್ಟಿದ್ದಾರೆ. ಅದನ್ನು ನೋಡೋ ಡಾಕ್ಟರು ಹೊರಗಿದ್ದಾರೆ. ಅವರನ್ನೂ ಎದೆಯೊಳಗೇ ಇಡ್ತೀವಿ ಅಂದಿದ್ರೆ ನಾನು ಒಪ್ತಿದ್ನಾ?" ಎಂದರು. ಮೇಡಮ್ಮಿನ ಮುಖ ಅರಳಿತು. ಅಜ್ಜಿ ಮುಂದುವರಿದು, "ಆದರೂ ಒಳಗೇ ಇರಲಿ ಬಿಡಿ. ಒಂಟಿ ಮನುಷ್ಯ. ನಾಲ್ಕು ಜನ ಬಂದು ಹೋಗ್ತಿರೋ ಮನೆ. ನನ್ನ ಮುಖಕ್ಕೆ ಗೋಡೆ ಬಂದ್ರೆ ಬರಲಿ" ಎಂದು ಕೈಯೆತ್ತಿಬಿಟ್ಟರು.

ಎಲ್ಲ ಕೈಗಳೂ ಮೇಲಿದ್ದವು. ವರ್ಷಗಟ್ಟಲೆ ತಜ್ಞರು ಬರೆದು ಬರೆದು ಗೆಲ್ಲಲಾರದ ವಾದವನ್ನು ಇಡೀ ಕಟ್ಟಡ ಒಂದೇ ಗಳಿಗೆಯಲ್ಲಿ ಗೆಲ್ಲಿಸಿಕೊಟ್ಟಿತ್ತು. ಮೇಡಂ ಯಾರ ಕಡೆಗೂ ನೋಡದೆ ತಜ್ಞರೊಬ್ಬರನ್ನೇ ನೋಡಿ ಹೇಳಿದರು: "ಮುಂದಿನ ಸಲ ಅಜ್ಜಿಯ ಮುಂದೆ ಗೋಡೆ ಇಲ್ಲದೇ ಇರಬಹುದು. ಲಿಫ್ಟೇ ಇಲ್ಲದ ಬರೀ ಆಳದ ಗುಂಡಿ ಇರಬಹುದು. ನಿಮಗೆ ಗೊತ್ತು."

ತಜ್ಞರಿಗೆ ಗೊತ್ತಿತ್ತು. ಅವರು ಅಜ್ಜಿಯ ಎತ್ತಿದ ಕೈಯನ್ನು ನೋಡಿದರು. ತಮಗಾಗಿ ಯಾರಾದರೂ ಕೈಯೆತ್ತಿದ್ದು ಅವರಿಗೆ ನೆನಪಿರಲಿಲ್ಲ.

"ತೆಗೆದುಬಿಡಿ ಮೇಡಂ" ಎಂದರು. "ನನ್ನ ಮನೆಗೆ ಯಾರೂ ಬರ್ತಿರಲಿಲ್ಲ. ಬರೀ ಲಿಫ್ಟು ಬರ್ತಿತ್ತು."

ಮೊದಲು ಬಾಯಿ ತೆರೆದವನು ಕಾವಲುಗಾರ. "ಹಾಗನ್ನಬೇಡಿ ಸಾರ್. ನಾನೇ ಕಣ್ಣಾರೆ ನೋಡಿ ಒಳಗೆ ಬಿಟ್ಟಿದ್ದೀನಿ" ಎಂದ. ಹೌದೌದು, ಕೋಲಿನವರ ಹೆಜ್ಜೆ ಸದ್ದು ನಾನೂ ಕೇಳಿದ್ದೇನೆ ಎಂದರು ಟೀಚರ್. ಕಾರ್ಯದರ್ಶಿಗಳು ಮೆಟ್ಟಿಲಿಳಿಯುತ್ತ, ಏನೋ ಮನಸ್ತಾಪ ಆಗಿರಬೇಕು ಎಂದು ಪಿಸುಗುಟ್ಟಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ತಮ್ಮ ಯಾರ ಜೊತೆಗೂ ಹೊಂದಿಕೊಂಡು ಹೋದವನಲ್ಲ, ಚಿಕ್ಕಂದಿನಿಂದ ಹೀಗೇ, ಈಗ ನೋಡಿ ಇದ್ದಬದ್ದವರನ್ನೂ ಬಿಟ್ಟುಕೊಟ್ಟ ಎಂದಳು. ತಜ್ಞರು ಅತ್ತ ಇತ್ತ ನೋಡಿದರು. ತಮ್ಮ ಮಾತನ್ನು ನಂಬಿದ ಮುಖ ಅಲ್ಲಿ ಒಂದೇ ಇತ್ತು.

ಮೇಡಂ ತಪಾಸಣೆಗಾರನನ್ನು ತೆಗೆದುಹಾಕಿದರು. ಹೊರಡುವಾಗ ಲಿಫ್ಟಿನೊಳಗೆ ನಿಂತು, "ಪ್ರೋಗ್ರಾಂ ಚೆನ್ನಾಗಿ ಬರೆದಿದ್ದೀರಿ. ಒಳಗಿರೋಕೆ ಲಾಯಕ್ಕಲ್ಲ, ಅಷ್ಟೆ" ಎಂದರು. ಇನ್ನೂ ಏನೋ ಹೇಳುವವರಂತೆ ಬಾಯಿ ತೆರೆದರು. ಮಾತಿನಲ್ಲಿ ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಲಿಫ್ಟು ಕೆಳಗಿಳಿಯಿತು, ಮತ್ತೆ ಮೇಲೆ ಬರಲಿಲ್ಲ.

ಕಚೇರಿಯಲ್ಲಿ ತಜ್ಞರ ಕಂಪ್ಯೂಟರಿನಲ್ಲಿ, ವರ್ಷಗಳಿಂದ ತೆರೆದೇ ಇದ್ದ ಆ ಚರ್ಚೆಯ ಕೆಳಗೆ, ಇತ್ಯರ್ಥವಾಗಿದೆ ಎಂಬ ಒಂದು ಸಾಲು ಬಂದಿತ್ತು. ಇತ್ಯರ್ಥವಾದದ್ದಕ್ಕೆ ಮತ್ತೆ ಆಕ್ಷೇಪಣೆ ಬರೆಯುವ ಪದ್ಧತಿ ಇಲ್ಲ. ಊಟದ ಹೊತ್ತಿನಲ್ಲಿ ಓದಲು ಏನೂ ಇಲ್ಲದೆ ಅವರು ಗೋಡೆ ನೋಡಿಕೊಂಡು ಊಟ ಮಾಡಿದರು. ಹಲಗೆಯ ಆಚೆಯಿಂದ ಕುರ್ಚಿ ಸರಿದ ಸದ್ದು ಒಂದೆರಡು ಸಲ ಬಂತು. ಬಂದು, ಹಾಗೇ ನಿಂತಿತು. ಅಕ್ಕನೂ ಭಾವನೂ, ಇನ್ನು ಕಾಯುವುದಕ್ಕೆ ಯಾರಿದ್ದಾರೆ ಎಂದು ಊರಿಗೆ ಹೊರಟರು.

ಕಟ್ಟಡದವರು ಮಾತ್ರ ಹಾಗೆ ಕೈಬಿಡುವ ಜನರಲ್ಲ. ತಜ್ಞರ ಮನೆಗೆ ಬರುತ್ತಿದ್ದವರೆಲ್ಲ ಒಮ್ಮೆಲೇ ಬರುವುದನ್ನು ನಿಲ್ಲಿಸಿದ್ದು ಅವರಿಗೆ ದೊಡ್ಡ ದುಃಖದ ಸಂಗತಿಯಾಗಿ ಕಂಡಿತ್ತು. ಅವರು ಸಮಾಧಾನ ಹೇಳಲು ಒಬ್ಬೊಬ್ಬರಾಗಿ ಬಂದರು. ಟೀಚರ್ ಬಂದು ನಿಟ್ಟುಸಿರು ಬಿಟ್ಟು ಹೋದರು. ಕಾವಲುಗಾರ ಬಂದು, ಕೋಲಿನವರು ಈ ಬೀದಿಯಲ್ಲಿ ಕಾಣಿಸುವುದೇ ಇಲ್ಲ ಎಂದು ತಲೆ ತಗ್ಗಿಸಿ ನಿಂತ. ಅವನ ದುಃಖದಲ್ಲಿ ಒಂದಿಷ್ಟು ನಿಜವೂ ಇತ್ತು. ಹೀಗೆ ನಾಲ್ಕು ದಿನ ನಡೆಯಿತು. ಸಂತಾಪಕ್ಕೂ ಒಂದು ಮಿತಿ ಇದೆಯಲ್ಲ, ಆಮೇಲೆ ಅವರವರ ಕೆಲಸ ಅವರವರಿಗೆ.

ಕೊನೆಯದಾಗಿ ಬಂದವರು ಕಾರ್ಯದರ್ಶಿಗಳು ಮತ್ತು ಅಜ್ಜಿ. ಹೊಸ ಕುರ್ಚಿಗಳಲ್ಲಿ ಇಬ್ಬರೂ ಕೂತರು. ಕಾರ್ಯದರ್ಶಿಗಳಿಗೆ ಕೋಪ ಬಂದಿತ್ತು. ಅಷ್ಟೊಂದು ಜನ, ಇಷ್ಟು ದಿನ ಬಂದು ಕೂತವರು, ಒಂದು ಮಾತು ಹೇಳದೆ ಹೀಗೆ ಬಿಟ್ಟುಹೋಗುವುದೆಂದರೆ ಏನರ್ಥ ಎಂದರು. ಇಂಥವರನ್ನು ಮನೆಗೆ ಸೇರಿಸಿದ್ದೇ ತಪ್ಪು ಎಂದರು. ಮನುಷ್ಯತ್ವ ಇಲ್ಲದ ಜನ ಎಂದೂ ಅಂದರು. ಅಜ್ಜಿ ಹೌದೆಂದು ತಲೆಯಾಡಿಸಿದರು.

ಮನುಷ್ಯತ್ವದ ಮಾತು ಬಂದಾಗ ಯಾಕೋ ತಜ್ಞರಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

"ಹಾಗನ್ನಬೇಡಿ" ಎಂದರು. "ಪಾಪ, ಅವರಿಗೂ ಕೆಲಸ ಕಾರ್ಯ ಇರುತ್ತಲ್ಲ. ಒಳ್ಳೆಯ ಜನ ಅವರು."